ಸೋಲಾರ್ ಪ್ಯಾನೆಲ್ ತಾರಸಿಗೆ ಹೇಗೆ ಏರಿತು ಎಂದು ಯಾರೂ ಕೇಳುತ್ತಿಲ್ಲ

ಮಾನ್ಯ ಇಂಧನ ಸಚಿವರೇ, ಕಾರ್ಮಿಕ ಸಚಿವರೇ, ಐದೂ ಎಸ್ಕಾಂಗಳ ವ್ಯವಸ್ಥಾಪಕ ನಿರ್ದೇಶಕರೇ,

ಮೂವತ್ತನಾಲ್ಕು ವರ್ಷ ಭಾರ ಎತ್ತುವ ಕೆಲಸ ಮಾಡಿದವನು ನಾನು. ಕಾರ್ಖಾನೆಯೊಂದಕ್ಕೆ ಖಲಾಸಿಯಾಗಿ ಸೇರಿದೆ, ಖಲಾಸಿಗಳ ಮೇಸ್ತ್ರಿಯಾಗಿ ನಿವೃತ್ತನಾದೆ. ಖಲಾಸಿ ಎಂದರೆ ಯಾರೆಂದು ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಹಗ್ಗ, ರಾಟೆ, ಸ್ಲಿಂಗ್, ಚೈನ್ ಬ್ಲಾಕ್ ಹಿಡಿದು, ಟನ್ನುಗಟ್ಟಲೆ ತೂಗುವ ಯಂತ್ರವನ್ನು ಲಾರಿಯಿಂದ ಇಳಿಸಿ ಅದರ ಪೀಠದ ಮೇಲೆ ಕೂರಿಸುವವನು ಖಲಾಸಿ. ಯಂತ್ರ ಚಾಲೂ ಆದ ದಿನ ಹಾರ ಬೀಳುವುದು ಎಂಜಿನಿಯರರ ಕೊರಳಿಗೆ. ಅಷ್ಟು ಹೊತ್ತಿಗೆ ನಾವು ಮುಂದಿನ ಲಾರಿಯ ಬಳಿ ಇರುತ್ತಿದ್ದೆವು. ಇದು ದೂರಲ್ಲ, ರೂಢಿ. ಈ ಪತ್ರ ಬರೆಯಲು ಇವನು ಯಾರು ಎಂದು ನೀವು ಕೇಳುವ ಮೊದಲೇ ಹೇಳಿಬಿಟ್ಟೆ.

ಕಳೆದ ಆಷಾಢದಲ್ಲಿ ನಮ್ಮ ಎದುರು ಮನೆಗೆ ಸೋಲಾರ್ ಬಂತು. ಮೂವತ್ತು ನಲವತ್ತರ ನಿವೇಶನ, ನೆಲದ ಮೇಲೊಂದು ಮಹಡಿ, ಆ ಮಹಡಿಯ ಮೇಲೆ ತಾರಸಿ. ಬೆಳಗ್ಗೆ ಹತ್ತರ ಹೊತ್ತಿಗೆ ಗೂಡ್ಸ್ ಆಟೋದಲ್ಲಿ ಆರು ಪ್ಯಾನೆಲ್, ಒಂದಿಷ್ಟು ಜಿ.ಐ. ಪೈಪ್, ನಾಲ್ವರು ಹುಡುಗರು ಬಂದಿಳಿದರು. ಅವರಲ್ಲಿ ಹಿರಿಯನಿಗೆ ಇಪ್ಪತ್ತೆರಡು ಇದ್ದಿರಬಹುದು. ಎಲ್ಲರ ಕಾಲಲ್ಲೂ ಹವಾಯಿ ಚಪ್ಪಲಿ. ಮೊದಲ ಪ್ಯಾನೆಲನ್ನು ಮೆಟ್ಟಿಲ ಮೇಲೆ ಒಯ್ಯಲು ನೋಡಿದರು. ನಮ್ಮ ಬೀದಿಯ ಮನೆಗಳ ಮೆಟ್ಟಿಲು ನಿಮಗೂ ಗೊತ್ತು. ಬಾಡಿಗೆ ಮನೆಗೆ ಬೇರೆ ದಾರಿ ಇರಲಿ ಎಂದು ಹೊರಗೋಡೆಗೆ ಅಂಟಿಸಿ ಕಟ್ಟಿದ್ದು, ಮೂರಡಿ ಅಗಲ, ಅರ್ಧದಲ್ಲಿ ಒಂದು ತಿರುವು. ಆ ತಿರುವಿನಲ್ಲಿ ಏಳೂವರೆ ಅಡಿ ಉದ್ದದ ಗಾಜಿನ ಹಲಗೆ ಸಿಕ್ಕಿಕೊಂಡಿತು. ಮಂಚ ಸಾಗಿಸಿದವರಿಗೆ ಆ ಕಷ್ಟ ಗೊತ್ತು. ಆದರೆ ಮಂಚವನ್ನು ಬಿಚ್ಚಬಹುದು.

ಆಮೇಲೆ ಹಗ್ಗ ಬಂತು. ಪ್ಯಾನೆಲ್‌ನ ಅಲ್ಯೂಮಿನಿಯಂ ಚೌಕಟ್ಟಿನ ಎರಡು ತೂತುಗಳಿಗೆ ನೈಲಾನ್ ಹಗ್ಗ ಪೋಣಿಸಿದರು. ಇಬ್ಬರು ತಾರಸಿಯಲ್ಲಿ ನಿಂತು ಪ್ಯಾರಪೆಟ್ ಗೋಡೆಯ ಅಂಚಿನ ಮೇಲೆ ಹಗ್ಗ ಎಳೆಯುವುದು, ಒಬ್ಬ ಕೆಳಗಿನಿಂದ ಕೈ ಎಟಕುವವರೆಗೆ ತಳ್ಳುವುದು. ನಾಲ್ಕನೆಯವನು ಆಟೋದವನ ಜೊತೆ ಬಾಡಿಗೆಯ ಮಾತುಕತೆಯಲ್ಲಿದ್ದ. ಮೂರು ಪ್ಯಾನೆಲ್ ಏರಿದವು. ನಾಲ್ಕನೆಯದು ಅರ್ಧ ದಾರಿಯಲ್ಲಿದ್ದಾಗ ಗಾಳಿ ಬೀಸಿತು, ಅದರ ಮೇಲಿನ ಮೂಲೆ ಕಿಟಕಿಯ ಸಜ್ಜಾದ ಅಡಿಗೆ ಹೋಗಿ ಸಿಕ್ಕಿಕೊಂಡಿತು. ಮೇಲಿದ್ದವರಲ್ಲಿ ಒಬ್ಬ ಪ್ಯಾರಪೆಟ್ ಮೇಲೆ ಹೊಟ್ಟೆಯೂರಿ ಬಾಗಿ, ಹಗ್ಗವನ್ನು ಹೊರಕ್ಕೆ ತಳ್ಳಿ ಪ್ಯಾನೆಲ್ ಬಿಡಿಸಲು ನೋಡಿದ. ಅವನ ಕಾಲು ನೆಲ ಬಿಟ್ಟಿದ್ದು ನನ್ನ ಗೇಟಿನಿಂದ ಕಾಣಿಸಿತು. ಇನ್ನೊಬ್ಬ ಜಾರದಿರಲಿ ಎಂದು ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದ. ನಾನು ಕೂಗಿದೆ. ಕೂಗಬಾರದಿತ್ತು, ಭಾರ ಗಾಳಿಯಲ್ಲಿದ್ದಾಗ ಹೊರಗಿನವನು ಕೂಗಬಾರದೆಂದು ನಾನೇ ಎಷ್ಟು ಮಂದಿಗೆ ಬೈದಿದ್ದೇನೋ. ಅಷ್ಟರಲ್ಲಿ ಮೂಲೆ ತಾನಾಗಿ ಬಿಡಿಸಿಕೊಂಡು, ಒಂದು ಗಂಟು ಕಳಚಿ, ಇನ್ನೊಂದೇ ಗಂಟಿನ ಮೇಲೆ ಇಡೀ ಪ್ಯಾನೆಲ್ ಗಿರ್ರನೆ ಬೀದಿಯ ಕಡೆ ತಿರುಗಿತು. ಬೀದಿಯ ಕಡೆ ಇರುವುದು ವಿದ್ಯುತ್ ಕಂಬದ ತಂತಿಗಳು. ಒಂದು ಮಾರು ದೂರದಲ್ಲಿ ನಿಂತಿತು.

ಮೇಲಿದ್ದ ಹುಡುಗ ನಕ್ಕ. ಆ ನಗು ನನಗೆ ಗೊತ್ತು, ಕೆಲಸದಲ್ಲಿ ಬಹಳ ಸಲ ಕೇಳಿದ್ದೇನೆ. ಇನ್ನೊಬ್ಬನ ಅಂಗೈ ಸುಲಿದು ಕೆಂಪಗಾಗಿತ್ತು. ನನ್ನ ಹೆಂಡತಿ ಒಳಗಿನಿಂದ ಮುಲಾಮು ತಂದು ಹಚ್ಚಿದಳು. ಉಳಿದ ಎರಡು ಪ್ಯಾನೆಲ್‌ಗೆ ನಾನು ನಿಂತು, ನನ್ನ ಹಳೆಯ ಹಗ್ಗ ಕೊಟ್ಟು, ಗಂಟು ಹಾಕಿಸಿ ಏರಿಸಿದೆ. ಸಂಜೆ ಸಹಾಯಧನದ ಪೋರ್ಟಲ್‌ಗೆ ಹಾಕಲೆಂದು ಮನೆಯ ಯಜಮಾನರನ್ನು ಪ್ಯಾನೆಲ್‌ಗಳ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಚೆನ್ನಾಗಿ ಬಂತು ಫೋಟೋ. ಸಜ್ಜಾದ ಕಿತ್ತುಹೋದ ಗಾರೆಯಾಗಲಿ, ಸುಲಿದ ಅಂಗೈಯಾಗಲಿ ಅದರಲ್ಲಿ ಕಾಣುವುದಿಲ್ಲ.

ನನ್ನ ತಕರಾರು ಆ ಹುಡುಗರ ಮೇಲಲ್ಲ, ಅವರನ್ನು ಕಳಿಸಿದ ಮಾರಾಟಗಾರನ ಹೆಸರೂ ಇಲ್ಲಿ ಬೇಡ. ಅವನು ಹೋದರೆ ಇನ್ನೊಬ್ಬ ಬರುತ್ತಾನೆ, ಅದೇ ಹಗ್ಗ ತರುತ್ತಾನೆ. ತಕರಾರು ಆ ಫೋಟೋದ ಮೇಲೆ.

2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಯೋಜನೆಗೆ 75,021 ಕೋಟಿ ರೂಪಾಯಿಯ ಒಪ್ಪಿಗೆ ಕೊಟ್ಟಿತು. ಒಂದು ಕೋಟಿ ಮನೆಗಳ ಗುರಿ, 2026–27ರ ಒಳಗೆ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನ ನೇರ ಬ್ಯಾಂಕ್ ಖಾತೆಗೆ. ಒಳ್ಳೆಯ ಯೋಜನೆ, ನನಗೆ ಎರಡು ಮಾತಿಲ್ಲ. ನನ್ನ ಮಗನೂ ಅರ್ಜಿ ಹಾಕಿದ್ದಾನೆ. ಗೃಹಜ್ಯೋತಿಯ ಇನ್ನೂರು ಯೂನಿಟ್ ದಾಟುವ ಮನೆಗಳೆಲ್ಲ ಇಂದಲ್ಲ ನಾಳೆ ಇತ್ತ ತಿರುಗುತ್ತವೆ. ಆದರೆ ನನ್ನಂಥವನಿಗೆ ಈ ಅಂಕಿಗಳು ಬೇರೆ ಥರ ಕಾಣುತ್ತವೆ. ಮನೆಗೆ ಆರು ಪ್ಯಾನೆಲ್ ಎಂದು ಹಿಡಿದರೂ ಒಂದು ಕೋಟಿ ಮನೆ ಎಂದರೆ ಆರು ಕೋಟಿ ಸಲ ಎತ್ತುವ ಕೆಲಸ. ಇನ್ವರ್ಟರ್ ಎಂಥದಿರಬೇಕು, ಪ್ಯಾನೆಲ್ ಎಲ್ಲಿ ತಯಾರಾಗಿರಬೇಕು, ಅರ್ತಿಂಗ್ ಹೇಗಿರಬೇಕು, ಮಾರಾಟಗಾರ ಐದು ವರ್ಷ ಹೇಗೆ ನಿರ್ವಹಣೆ ಮಾಡಬೇಕು ಎಂದೆಲ್ಲ ನಿಮ್ಮ ಕಾಗದಗಳಲ್ಲಿದೆ. ಬೀದಿಯಿಂದ ತಾರಸಿಗೆ ಇರುವ ಇಪ್ಪತ್ತು–ಇಪ್ಪತ್ತೈದು ಅಡಿಯಲ್ಲಿ ಏನಾಗಬೇಕು ಎನ್ನುವಲ್ಲಿ ಮಾತ್ರ ಎಲ್ಲರ ಪೆನ್ನೂ ನಿಂತುಬಿಡುತ್ತದೆ. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಎರಡು ಸಾವಿರ ಮೆಗಾವ್ಯಾಟ್‌ಗೂ ಮೀರಿದ ಪ್ಯಾನೆಲ್‌ಗಳು ನಿಂತಿವೆ, ಎಲ್ಲವೂ ನೆಲದ ಮೇಲೆ. ಬೀಳುವುದಕ್ಕೆ ಎತ್ತರವೇ ಇಲ್ಲ. ಮನೆಯ ತಾರಸಿಯ ಕಥೆ ಬೇರೆ. ಏಳು ಮೀಟರ್ ಎತ್ತರದ ಪ್ಯಾರಪೆಟ್‌ನಿಂದ ಬಿದ್ದವನು ನೆಲ ಮುಟ್ಟಲು ಒಂದೇಕಾಲು ಸೆಕೆಂಡ್ ಸಹ ಬೇಕಿಲ್ಲ. ಮುಟ್ಟುವಾಗ ಅವನ ವೇಗ ಗಂಟೆಗೆ ನಲವತ್ತು ಕಿಲೋಮೀಟರ್ ಮೀರಿರುತ್ತದೆ.

ಪ್ಯಾನೆಲ್ ಎಂಬ ಭಾರದ ಗುಣ ಸ್ವಲ್ಪ ಹೇಳಬೇಕು. ಈಗ ಮನೆಗಳಿಗೆ ಬರುವ 540–550 ವ್ಯಾಟ್‌ನ ಪ್ಯಾನೆಲ್ ಸುಮಾರು 2.28 ಮೀಟರ್ ಉದ್ದ, 1.13 ಮೀಟರ್ ಅಗಲ. ತೂಕ 28 ಕೆ.ಜಿ. ಆಸುಪಾಸು, ಎರಡೂ ಕಡೆ ಗಾಜಿದ್ದರೆ 32ರ ಹತ್ತಿರ. ಸಿಮೆಂಟ್ ಚೀಲಕ್ಕಿಂತ ಹಗುರವಲ್ಲವೇ ಎಂದು ಹುಡುಗರು ಎನ್ನುತ್ತಾರೆ. ಹೌದು, ಹಗುರ, ಮೋಸ ಇರುವುದೇ ಅಲ್ಲಿ. ಸಿಮೆಂಟ್ ಚೀಲ ಗಾಳಿಗೆ ಹಾರುವುದಿಲ್ಲ. ಪ್ಯಾನೆಲ್ ಎರಡೂವರೆ ಚದರ ಮೀಟರ್ ಮೀರಿದ ಹಾಯಿ. ಗಂಟೆಗೆ 36 ಕಿ.ಮೀ. ಗಾಳಿ ಅದರ ಮೈಗೆ ನೇರವಾಗಿ ಬಡಿದರೆ ಕಡಿಮೆಯೆಂದರೂ ಹದಿನೈದು ಕೆ.ಜಿ. ತಳ್ಳಿದಂತೆ. ಗಾಳಿ 54ಕ್ಕೆ ಏರಿದರೆ ಆ ನೂಕು ಮೂವತ್ತೈದು ಕೆ.ಜಿ. ಆಗುತ್ತದೆ, ಪ್ಯಾನೆಲ್‌ನ ತೂಕವನ್ನೇ ಮೀರುತ್ತದೆ. ವೇಗ ಒಂದೂವರೆ ಪಟ್ಟಾದರೆ ಬಲ ಎರಡೂಕಾಲು ಪಟ್ಟು. ಇದು ಶಾಲೆಯ ಲೆಕ್ಕ. ಆಷಾಢದಲ್ಲಿ ಗಾಳಿಪಟ ಹಾರಿಸುವ ನಾಡು ನಮ್ಮದು. ಅದೇ ತಿಂಗಳಲ್ಲಿ, ಅದೇ ತಾರಸಿಯಿಂದ, ಬಾಲಂಗೋಚಿಯೂ ಇಲ್ಲದ ಗಾಜಿನ ಪಟವನ್ನು ಎಳೆಯುತ್ತಿದ್ದೇವೆ.

ಬಾಲಂಗೋಚಿಯ ಮಾತು ತಮಾಷೆಗೆ ಬಂದದ್ದಲ್ಲ. ಕಾರ್ಖಾನೆಯಲ್ಲಿ ಯಾವ ಭಾರವನ್ನೂ ಒಂದೇ ಹಗ್ಗದಲ್ಲಿ ಎತ್ತುತ್ತಿರಲಿಲ್ಲ. ಎತ್ತುವ ಹಗ್ಗ ಮೇಲಕ್ಕೆ, ತಿರುಗದಂತೆ ಹಿಡಿಯುವ ಇನ್ನೊಂದು ಹಗ್ಗ ಕೆಳಕ್ಕೆ. ಆ ಎರಡನೆಯ ಹಗ್ಗ ಹಿಡಿದವನು ಗೋಡೆಯಿಂದ ದೂರ ನಿಂತು ಭಾರವನ್ನು ತನ್ನ ಕಡೆ ಎಳೆದುಕೊಂಡಿರುತ್ತಾನೆ. ಆಗ ಪ್ಯಾನೆಲ್ ಸಜ್ಜಾಕ್ಕೆ ತಗಲುವುದಿಲ್ಲ, ಮೇಲಿನವನು ಬಾಗಬೇಕಾಗುವುದಿಲ್ಲ, ಭಾರದ ಕೆಳಗೆ ಯಾರೂ ಇರುವುದಿಲ್ಲ. ಇಪ್ಪತ್ತು ಮೀಟರ್ ಹಗ್ಗ, ದೂರ ನಿಂತ ಒಬ್ಬ ಮನುಷ್ಯ. ಎದುರು ಮನೆಯಲ್ಲಿ ಆ ಒಬ್ಬ ಮನುಷ್ಯ ಆಟೋ ಬಾಡಿಗೆ ಚೌಕಾಸಿ ಮಾಡುತ್ತಿದ್ದ.

ಈಗ ತಂತಿಯ ವಿಷಯ. ಎಸ್ಕಾಂನವರು ದಯವಿಟ್ಟು ಇದನ್ನು ನಿಧಾನವಾಗಿ ಓದಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ 11 ಕಿಲೋವೋಲ್ಟ್‌ವರೆಗಿನ ತಂತಿ ಕಟ್ಟಡದ ಪಕ್ಕದಿಂದ ಕನಿಷ್ಠ 1.2 ಮೀಟರ್ ದೂರದಲ್ಲಿರಬೇಕು. ನಮ್ಮ ಊರುಗಳಲ್ಲಿ ಅಷ್ಟು ದೂರವೂ ಇಲ್ಲದ ಮನೆಗಳು ಎಷ್ಟೋ ಇವೆ; ಬಾಲ್ಕನಿ ತಂತಿಯ ಕಡೆ ನಡೆದು ಹೋಗಿದೆಯೋ ತಂತಿಯೇ ಬಾಲ್ಕನಿಗೆ ಬಂದಿದೆಯೋ, ಆ ಜಗಳ ಈಗ ಬೇಡ. ನಿಯಮ ಪೂರಾ ಪಾಲಿಸಿದ ಮನೆಯನ್ನೇ ತೆಗೆದುಕೊಳ್ಳಿ. ಗೋಡೆಯಿಂದ ತಂತಿಗೆ 1.2 ಮೀಟರ್. ಗೋಡೆಗೆ ಒತ್ತಿ ಏರುತ್ತಿರುವ ಪ್ಯಾನೆಲ್‌ನ ಉದ್ದ 2.28 ಮೀಟರ್. ಒಂದು ಗಂಟು ಕಳಚಿ ಅದು ಅಡ್ಡ ತಿರುಗಿದರೆ ತಂತಿ ದಾಟಿ ಇನ್ನೂ ಒಂದು ಮೀಟರ್ ಆಚೆ ಹೋಗುತ್ತದೆ. ಅದರ ಸುತ್ತ ಇರುವುದು ಅಲ್ಯೂಮಿನಿಯಂ ಚೌಕಟ್ಟು. ಹಗ್ಗ ಮಳೆಯಲ್ಲಿ ನೆನೆದಿದ್ದರೆ ಎಳೆಯುವವನ ಕೈವರೆಗೂ ದಾರಿ ಆಯಿತು. ಪೈಪುಗಳದ್ದು ಇದಕ್ಕಿಂತ ಕೆಟ್ಟ ಕಥೆ, ಅವು ಆರು ಮೀಟರ್ ಉದ್ದ ಬರುತ್ತವೆ. ತಾರಸಿಯಲ್ಲಿ ನಿಂತು ನೆಟ್ಟಗೆ ಎಳೆದುಕೊಳ್ಳುವಾಗ ತುದಿ ಎಲ್ಲಿ ಹೋಗುತ್ತಿದೆ ಎಂದು ಎಳೆಯುವವನಿಗೆ ಕಾಣುವುದಿಲ್ಲ. 1.2 ಮೀಟರ್ ಎನ್ನುವುದು ಕಿಟಕಿಯಲ್ಲಿ ನಿಂತು ಕೈ ಚಾಚುವ ಮನುಷ್ಯನಿಗೆ ಸಾಲಬಹುದು, ಗೋಡೆಯ ಮೇಲೆ ತೂಗಾಡುವ ಲೋಹಕ್ಕೆ ಸಾಲದು.

ಇದಕ್ಕೆ ಪರಿಹಾರ ನಿಮ್ಮ ಲೈನ್‌ಮ್ಯಾನ್‌ಗಳ ಬಾಯಲ್ಲೇ ಇದೆ. ತಮ್ಮ ಕೆಲಸಕ್ಕೆ ಕಂಬ ಹತ್ತುವ ಮುಂಚೆ ಅವರು ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳುತ್ತಾರೆ. ಲೈನ್ ಬಂದ್ ಆಗಿದೆ ಎಂದು ಉಪಕೇಂದ್ರದಿಂದ ಖಾತ್ರಿ ಸಿಕ್ಕ ಮೇಲೆಯೇ ಕೈ ಹಾಕುತ್ತಾರೆ, ಹಾಕಬೇಕು. ಪ್ಯಾನೆಲ್ ಏರಿಸುವ ಒಂದು ಗಂಟೆಗೆ ಆ ಎಲ್‌ಸಿ ಯಾಕೆ ಸಿಗಬಾರದು? ಮರದ ಕೊಂಬೆ ಕಡಿಯಲು ಬೆಳಗಿನಿಂದ ಸಂಜೆಯವರೆಗೆ ಇಡೀ ಬಡಾವಣೆಯ ಕರೆಂಟ್ ತೆಗೆಯುತ್ತೀರಿ, ಪತ್ರಿಕೆಯಲ್ಲಿ ಪ್ರಕಟಣೆಯನ್ನೂ ಕೊಡುತ್ತೀರಿ. ನಾನು ಕೇಳುವುದು ಒಂದು ಬೀದಿಗೆ ಒಂದು ಗಂಟೆ. ಆ ಮೂಲೆಯ ಟ್ರಾನ್ಸ್‌ಫಾರ್ಮರ್‌ನಿಂದಾಚೆ ಮಾತ್ರ ತೆಗೆದರೂ ಆಯಿತು. ಎಲ್ಲ ಮನೆಗೂ ಬೇಕಾಗುವುದಿಲ್ಲ. ತಂತಿ ಮೂರು ಮೀಟರ್ ಒಳಗೆ ಇರುವ ಮನೆಗಳಿಗೆ ಮಾತ್ರ ಸಾಕು.

ಯಾವ ಮನೆ ಮೂರು ಮೀಟರ್ ಒಳಗಿದೆ ಎಂದು ನೋಡುವವರು ಯಾರು? ಇಲ್ಲೊಂದು ಸೂಕ್ಷ್ಮ ಇದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ತಿದ್ದುಪಡಿ ಬಂದ ಮೇಲೆ ಹತ್ತು ಕಿಲೋವ್ಯಾಟ್‌ವರೆಗಿನ ತಾರಸಿ ಸೋಲಾರ್‌ಗೆ ತಾಂತ್ರಿಕ ಪರಿಶೀಲನೆಯೇ ಬೇಕಿಲ್ಲ, ಅರ್ಜಿ ತಾನಾಗಿ ಒಪ್ಪಿಗೆಯಾದಂತೆ. ತಿಂಗಳುಗಟ್ಟಲೆ ಕಚೇರಿ ಅಲೆಸುತ್ತಿದ್ದುದು ತಪ್ಪಿತು, ಸಂತೋಷ. ಆ ಪರಿಶೀಲನೆ ನೋಡುತ್ತಿದ್ದುದು ಜಾಲದ ಸಾಮರ್ಥ್ಯವನ್ನು, ತಂತಿಯ ದೂರವನ್ನಲ್ಲ ಎಂಬುದೂ ನಿಜ. ಆದರೂ ಕರೆಂಟಿನ ಗುಣ ಬಲ್ಲ ಒಬ್ಬ ಮನುಷ್ಯ ಪ್ಯಾನೆಲ್ ಬರುವ ಮುಂಚೆ ಆ ಮನೆಯ ಮುಂದೆ ನಿಂತು ಕತ್ತೆತ್ತಿ ನೋಡುವ ಒಂದು ಸಂದರ್ಭ ಅದರೊಂದಿಗೆ ಹೋಯಿತು. ಈಗ ನಿಮ್ಮವರು ಬರುವುದು ಎಲ್ಲ ಮುಗಿದ ಮೇಲೆ, ಮೀಟರ್ ಕೂರಿಸಲು. ಅಷ್ಟು ಹೊತ್ತಿಗೆ ಪ್ಯಾನೆಲ್ ಮೇಲಿರುತ್ತದೆ, ಅಥವಾ ಹುಡುಗ ಕೆಳಗಿರುತ್ತಾನೆ.

ಕಾರ್ಮಿಕ ಸಚಿವರಿಗೆ ಒಂದು ಪ್ರಶ್ನೆ. ಕಟ್ಟಡ ಕಾರ್ಮಿಕರ ಸುರಕ್ಷತೆಗೆಂದು 1996ರಲ್ಲಿ ಬಂದ ಕಾಯ್ದೆ ಹತ್ತು ಮಂದಿ ಅಥವಾ ಹೆಚ್ಚು ಜನ ದುಡಿಯುವ ಕಡೆಗೆ ಮಾತ್ರ ಅನ್ವಯ ಎಂದಿತು. ಹತ್ತು ಲಕ್ಷ ರೂಪಾಯಿ ಮೀರದ ಸ್ವಂತ ಮನೆಯ ಕೆಲಸವನ್ನು ಹೊರಗೇ ಇಟ್ಟಿತು. ಅದರ ಜಾಗಕ್ಕೆ ಬಂದ 2020ರ ಕಾರ್ಮಿಕ ಸಂಹಿತೆಯಲ್ಲೂ ಆ ಹತ್ತರ ಗೆರೆ ಉಳಿದುಕೊಂಡಿದೆ. ಇಎಸ್‌ಐಗೂ ಹತ್ತೇ. ಮನೆಗೆ ಪ್ಯಾನೆಲ್ ಹಾಕಲು ಬರುವ ತಂಡ ಎಷ್ಟು ಜನರದು? ನಾಲ್ಕು, ಬಹಳವಾದರೆ ಐದು. ಮೂರು ಕಿಲೋವ್ಯಾಟ್‌ಗೆ ತಗಲುವ ವೆಚ್ಚ ಹತ್ತು ಲಕ್ಷದ ಹತ್ತಿರವೂ ಬರುವುದಿಲ್ಲ. ಹೀಗೆ ದೇಶದ ಅತಿ ದೊಡ್ಡ ಎತ್ತುವ ಕೆಲಸವೊಂದು ನಾಲ್ಕು ನಾಲ್ಕು ಜನರ ತುಂಡುಗಳಾಗಿ ಕಾನೂನಿನ ಜರಡಿಯಲ್ಲಿ ಸೋರಿ ಹೋಗುತ್ತಿದೆ. ಪರಿಹಾರದ ಕಾಯ್ದೆ 1923ರಿಂದಲೇ ಇತ್ತು, ಸಣ್ಣ ತಂಡಕ್ಕೂ ದಾರಿ ಇತ್ತು ಎನ್ನುತ್ತೀರಿ. ಇತ್ತು, ಬಿದ್ದ ನಂತರ. ಅದೂ ಕೂಲಿ ಕೊಟ್ಟವನು ಯಾರೆಂದು ತೋರಿಸಬೇಕು; ಮಾರಾಟಗಾರ ಕೆಲಸವನ್ನು ಗುತ್ತಿಗೆದಾರನಿಗೆ, ಅವನು ಮತ್ತೊಬ್ಬನಿಗೆ, ಅವನು ಹುಡುಗನ ಊರಿನವನೇ ಆದ ಇನ್ನೊಬ್ಬನಿಗೆ ಕೊಟ್ಟಿರುತ್ತಾನೆ.

ಸಹಾಯಧನದ ಅವಸರ ಎಂಥ ಬೆಲೆ ಕೇಳುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಕಣ್ಣ ಮುಂದಿದೆ. 2009ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಮನೆಗಳ ಸೂರಿನ ಒಳಗೆ ಶಾಖ ತಡೆಯುವ ಹಾಸು ಹಾಕಿಸಲು ಧಾರಾಳವಾಗಿ ಹಣ ಕೊಟ್ಟಿತು. ಆರ್ಥಿಕ ಹಿಂಜರಿತದ ಕಾಲ, ಬೇಗ ಕೆಲಸ ಸೃಷ್ಟಿಸಬೇಕಿತ್ತು. ರಾತ್ರೋರಾತ್ರಿ ಹುಟ್ಟಿದ ಕಂಪನಿಗಳು ಕೆಲಸ ಗೊತ್ತಿಲ್ಲದ ಹುಡುಗರನ್ನು ಸೂರಿನೊಳಗೆ ಇಳಿಸಿದವು. ಕೆಲವೇ ತಿಂಗಳಲ್ಲಿ ನಾಲ್ವರು ಯುವಕರು ಸತ್ತರು, ಮೂವರು ವಿದ್ಯುತ್ ತಗುಲಿ, ಒಬ್ಬ ಬಿಸಿಲಿನ ತಾಪಕ್ಕೆ. 2010ರ ಫೆಬ್ರುವರಿಯಲ್ಲಿ ಯೋಜನೆಯನ್ನೇ ನಿಲ್ಲಿಸಿದರು. 2014ರಲ್ಲಿ ರಾಯಲ್ ಕಮಿಷನ್ ವರದಿ ಕೊಟ್ಟಿತು. ಸತ್ತವರು ನಾಲ್ಕೇ ಮಂದಿ. ಆ ನಾಲ್ವರಿಗಾಗಿ ಒಂದು ದೇಶ ತನ್ನ ಮಾಜಿ ಪ್ರಧಾನಿಯನ್ನೂ ಸಾಕ್ಷಿ ಕಟ್ಟೆಗೆ ಕರೆಯಿತು. ನಮ್ಮಲ್ಲಿ ತಾರಸಿಯಿಂದ ಬಿದ್ದ ಹುಡುಗನ ಸುದ್ದಿ ಒಳಪುಟದ ಎರಡು ಸಾಲು. ಅದರಲ್ಲಿ ಅವನು ಕಾಲು ಜಾರಿ ಬಿದ್ದಿರುತ್ತಾನೆ. ಯಾವಾಗಲೂ ಕಾಲೇ ಜಾರಿರುತ್ತದೆ.

ಹೇಗೆ ಮಾಡಬೇಕು ಎಂದು ಕೇಳಿ, ಹೇಳುತ್ತೇನೆ. ಇದೇನೂ ಬ್ರಹ್ಮವಿದ್ಯೆಯಲ್ಲ. ದೊಡ್ಡ ಕ್ರೇನ್ ಬೇಕೆಂದು ನಾನು ಕೇಳುತ್ತಿಲ್ಲ; ನಮ್ಮ ಬೀದಿಗಳಲ್ಲಿ ಹೈಡ್ರಾ ಕ್ರೇನ್ ತಿರುಗುವುದಿಲ್ಲ, ತಿರುಗಿದರೂ ಅದರ ತೋಳಿಗೆ ತಂತಿ ಅಡ್ಡ. ಬೇಕಿರುವುದು ಇಬ್ಬರು ಹೊರಬಹುದಾದ ಸಾಮಾನು. ಮೊದಲನೆಯದು ಒಂದು ತೊಟ್ಟಿಲು. ಚೌಕ ಪೈಪಿನಲ್ಲಿ ಬೆಸೆದ, ಅಂಚಿಗೆ ರಬ್ಬರ್ ಹಾಕಿದ ಚೌಕಟ್ಟು. ಪ್ಯಾನೆಲ್ ಅದರಲ್ಲಿ ಕೂರುತ್ತದೆ, ಬೆಲ್ಟ್ ಬಿಗಿಯುತ್ತದೆ, ಹಗ್ಗ ತೊಟ್ಟಿಲಿಗೆ ಕಟ್ಟಿರುತ್ತದೆಯೇ ಹೊರತು ಪ್ಯಾನೆಲ್‌ಗಲ್ಲ. ಜಂಕ್ಷನ್ ಬಾಕ್ಸ್‌ನ ವೈರ್ ಹಿಡಿದು ಪ್ಯಾನೆಲ್ ಎತ್ತುವವರನ್ನೂ ನಾನು ನೋಡಿದ್ದೇನೆ, ಬಾಲ ಹಿಡಿದು ಕರು ಎತ್ತಿದ ಹಾಗೆ. ಎರಡನೆಯದು ರಾಟೆ. ಒಂದು ರಾಟೆ ದಿಕ್ಕು ಬದಲಿಸುತ್ತದೆ ಅಷ್ಟೆ. ಮೇಲೊಂದು, ಭಾರದ ಜೊತೆ ಏರುವುದೊಂದು ಎಂದು ಎರಡು ಹಾಕಿದರೆ ಎಳೆತ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಎಳೆಯಬೇಕಾದ ಹಗ್ಗ ದುಪ್ಪಟ್ಟಾಗುತ್ತದೆ, ಆಗಲಿ. ಕೈಬಿಟ್ಟರೂ ಭಾರ ಅಲ್ಲೇ ನಿಲ್ಲುವ ಬ್ರೇಕ್ ಇರುವ ಕೈರಾಟೆಯಾದರೆ ಇನ್ನೂ ಒಳ್ಳೆಯದು. ಅದಿದ್ದರೆ ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳುವ ಪ್ರಮೇಯವೇ ಬರುವುದಿಲ್ಲ.

ಮೂರನೆಯದೇ ಮುಖ್ಯ, ಎಲ್ಲರೂ ತಪ್ಪುವುದೂ ಅಲ್ಲೇ: ರಾಟೆಯನ್ನು ಯಾವುದಕ್ಕೆ ಕಟ್ಟುತ್ತೀರಿ? ಪ್ಯಾರಪೆಟ್ ಗೋಡೆಗೆ ಕಟ್ಟಬಾರದು. ಅದು ನಾಲ್ಕೂವರೆ ಅಂಗುಲದ ಇಟ್ಟಿಗೆ ಗೋಡೆ, ಮಕ್ಕಳು ಬೀಳದಿರಲೆಂದು ಕಟ್ಟಿದ್ದು. ಹೊರಕ್ಕೆ ಎಳೆದರೆ ಇಡೀ ಸಾಲು ಕಳಚಿ ಭಾರದ ಜೊತೆ ಹೋಗುತ್ತದೆ. ನೀರಿನ ಟ್ಯಾಂಕಿನ ಕಾಲಿಗೆ ಕಟ್ಟಬಾರದು. ನಮ್ಮ ತಾರಸಿಗಳಲ್ಲಿ, ಮುಂದೊಂದು ದಿನ ಮಗನಿಗೊಂದು ಮಹಡಿ ಎಂಬ ಆಸೆಯಿಂದ ಬಿಟ್ಟ ಪಿಲ್ಲರ್ ಕಂಬಿಗಳು ಇರುತ್ತವಲ್ಲ, ಎಲ್ಲರ ಕಣ್ಣೂ ಅವುಗಳ ಮೇಲೆ. ಇಪ್ಪತ್ತು ವರ್ಷ ಮಳೆ ಕುಡಿದು ಅವು ಬುಡದಲ್ಲಿ ಎಷ್ಟು ಉಳಿದಿವೆಯೋ ಯಾರು ಬಲ್ಲರು. ಕಾಂಕ್ರೀಟ್ ಹಾಕಿದ ಪಿಲ್ಲರ್ ಮೇಲೆ ಬಂದಿದ್ದರೆ ಅದಕ್ಕೆ ಸುತ್ತು ಹಾಕಿ. ಇಲ್ಲದಿದ್ದರೆ ಪ್ಯಾರಪೆಟ್ ಮೇಲೆ ಭಾರ ಬೀಳದಂತೆ ಅದರ ಆಚೆಗೆ ತೋಳು ಚಾಚುವ, ಹಿಂಭಾಗಕ್ಕೆ ಸಾಕಷ್ಟು ತೂಕ ಹೇರಿದ ಸ್ಟ್ಯಾಂಡ್ ತನ್ನಿ. ಎಷ್ಟು ತೂಕ ಎಂಬುದನ್ನು ಅಂದಾಜಿಗೆ ಬಿಡದೆ ಸ್ಟ್ಯಾಂಡ್ ಮಾಡಿದವನೇ ಅದರ ಮೇಲೆ ಬರೆದಿರಬೇಕು. ಎಳೆಯುವವನು ಬೀಳದಂತೆ ಮೈಗೆ ಬಿಗಿದ ಪಟ್ಟಿ, ಹಾರ್ನೆಸ್, ಇನ್ನೊಂದು ಬೇರೆಯೇ ಜಾಗಕ್ಕೆ ಕಟ್ಟಿರಬೇಕು. ಭಾರ ಹೋದರೆ ಅವನೂ ಜೊತೆಗೆ ಹೋಗುವಂತಿರಬಾರದು. ಹಾರ್ನೆಸ್‌ಗೆ ಐಎಸ್ 3521, ಹೆಲ್ಮೆಟ್‌ಗೆ ಐಎಸ್ 2925 ಎಂಬ ಗುರುತು ಅಂಗಡಿಯಲ್ಲೇ ಕೇಳಿ ಪಡೆಯಬಹುದು. ಆದರೆ ಕಟ್ಟಲು ಜಾಗವಿಲ್ಲದೆ ತೊಟ್ಟ ಹಾರ್ನೆಸ್ ಮೈಮೇಲಿನ ಒಡವೆ.

ಕೊನೆಯದು, ಖರ್ಚೇ ಇಲ್ಲದ್ದು: ಒಂದೇ ಬಾಯಿ. ಖಲಾಸಿಗಳಿಗೆ ತಮ್ಮದೇ ಮಾತುಗಳಿವೆ. ಹಬೀಸ್ ಎಂದರೆ ಎತ್ತು, ಆರಿಯಾ ಎಂದರೆ ಇಳಿಸು. ಹಡಗಿನವರಿಂದ ಬಂದರಿಗೆ, ಬಂದರಿನಿಂದ ಕಾರ್ಖಾನೆಗೆ ಬಂದ ಮಾತುಗಳು, ಯಾವ ಭಾಷೆಯವು ಎಂದು ನಾವು ಯಾರೂ ಕೇಳಿರಲಿಲ್ಲ. ತಮಿಳಿನವನೂ ಬಿಹಾರದವನೂ ಉತ್ತರ ಕರ್ನಾಟಕದವನೂ ಒಂದೇ ಹಗ್ಗ ಹಿಡಿದಾಗ ಆ ಎರಡು ಮಾತಷ್ಟೇ ಸಾಕಾಗುತ್ತಿತ್ತು, ಮತ್ತು ಅವನ್ನು ಹೇಳುವ ಹಕ್ಕು ಒಬ್ಬನಿಗೆ ಮಾತ್ರ. ನಿಲ್ಲಿಸು ಎಂದು ಕೂಗುವ ಹಕ್ಕು ಮಾತ್ರ ಎಲ್ಲರಿಗೂ. ಎದುರು ಮನೆಯ ಅಂಗಳದಲ್ಲಿ ಆ ದಿನ ಐದು ಬಾಯಿಗಳಿದ್ದವು, ನನ್ನದೂ ಸೇರಿ.

ಮನೆಯ ಯಜಮಾನರಿಗೂ ಒಂದು ಮಾತು, ಯಾಕೆಂದರೆ ಈ ಪತ್ರ ಬಹಿರಂಗ. ಹುಡುಗರ ಜೀವದ ಮಾತು ಒತ್ತಟ್ಟಿಗಿರಲಿ, ನಿಮ್ಮ ದುಡ್ಡಿನ ಮಾತೇ ಆಡೋಣ. ಪ್ಯಾನೆಲ್‌ನ ಗಾಜು ಮೂರು ಮಿಲಿಮೀಟರ್ ಚಿಲ್ಲರೆ ದಪ್ಪ. ಅದರಡಿಯ ಸಿಲಿಕಾನ್ ಬಿಲ್ಲೆಗಳು ಒಂದು ಮಿಲಿಮೀಟರ್‌ನ ಐದನೆಯ ಒಂದು ಭಾಗಕ್ಕಿಂತಲೂ ತೆಳು, ಹಪ್ಪಳ ಎನ್ನಲೂ ಆಗದು. ಸಜ್ಜಾಕ್ಕೆ ಬಡಿದ, ಮಧ್ಯದಲ್ಲಿ ಬಳುಕಿದ, ತಲೆಯ ಮೇಲೆ ಹೊತ್ತು ಏಣಿ ಹತ್ತಿಸಿದ ಪ್ಯಾನೆಲ್‌ನಲ್ಲಿ ಗಾಜು ಒಡೆಯದೆಯೂ ಬಿಲ್ಲೆಗಳು ಬಿರುಕು ಬಿಡುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಮೊದಲ ದಿನ ಕರೆಂಟೂ ಬರುತ್ತದೆ. ವರ್ಷಗಳು ಕಳೆದಂತೆ ಬಿರುಕು ಬೆಳೆದು ಉತ್ಪಾದನೆ ಇಳಿಯುತ್ತದೆ, ಬಿಲ್ಲೆ ಅಲ್ಲಲ್ಲಿ ಕಾಯುತ್ತದೆ. ಇಪ್ಪತ್ತೈದು ವರ್ಷದ ವಾರಂಟಿ ಹಿಡಿದು ಹೋದರೆ ಸಾಗಿಸುವಾಗ ಆದ ಹಾನಿಗೆ ನಾವು ಹೊಣೆಯಲ್ಲ ಎನ್ನುತ್ತಾರೆ. ಆದ್ದರಿಂದ ದರಪಟ್ಟಿ ಕೇಳುವಾಗ ವ್ಯಾಟ್‌ಗೆ ಎಷ್ಟು ರೂಪಾಯಿ ಎಂದು ಕೇಳಿದ ಮೇಲೆ, ಮೇಲೆ ಹೇಗೆ ಒಯ್ಯುತ್ತೀರಿ ಎಂದೂ ಕೇಳಿ. ಉತ್ತರ ಕೊಡಲು ಅವನು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ ನೋಡಿ. ಸಿಮೆಂಟ್ ಶೀಟಿನ ಮಾಡು, ಮಂಗಳೂರು ಹೆಂಚಿನ ಮಾಡು ಇರುವವರು ಇನ್ನೂ ಎರಡು ಸಲ ಕೇಳಬೇಕು. ಶೀಟು ಬಿರುಕಿನ ಸದ್ದು ಕೊಟ್ಟು ಎಚ್ಚರಿಸುವುದಿಲ್ಲ, ಕಾಲಡಿ ಒಮ್ಮೆಗೇ ಬಾಯಿ ಬಿಡುತ್ತದೆ.

ಇನ್ನು ನಿಮ್ಮನ್ನು ಕೇಳುವುದು. ಹೊಸ ಪ್ರಾಧಿಕಾರ ಬೇಡ, ಸಮಿತಿಯಂತೂ ಖಂಡಿತ ಬೇಡ. ಪೋರ್ಟಲ್‌ನಲ್ಲಿ ಕೊನೆಯ ಫೋಟೋ ಕೇಳುವ ಜಾಗದ ಮೇಲೆ ಇನ್ನೊಂದು ಫೋಟೋಗೆ ಜಾಗ ಮಾಡಿಸಿ. ಪೋರ್ಟಲ್ ದೆಹಲಿಯದಾದರೆ ಎಸ್ಕಾಂನ ಮೀಟರ್ ಅರ್ಜಿಯಲ್ಲಾದರೂ ಮಾಡಿಸಿ. ಕೆಲಸ ಶುರುವಾಗುವ ಮುಂಚಿನ ಫೋಟೋ, ಬೀದಿಯಿಂದ ತೆಗೆದದ್ದು, ಗೋಡೆ ಮತ್ತು ತಂತಿ ಎರಡೂ ಕಾಣುವಂಥದ್ದು. ಅದರ ಕೆಳಗೆ ಮೂರು ಸಾಲು: ಪ್ಯಾನೆಲ್ ಯಾವ ದಾರಿಯಲ್ಲಿ ಏರುತ್ತದೆ, ಹಗ್ಗ ಯಾವುದಕ್ಕೆ ಕಟ್ಟುತ್ತಾರೆ, ಮೇಲೆ ನಿಲ್ಲುವವರು ಯಾರು. ಅದನ್ನು ಸೆಕ್ಷನ್ ಕಚೇರಿಯ ಒಬ್ಬರು ನೋಡಿ, ತಂತಿ ಹತ್ತಿರವಿದ್ದರೆ ಎಲ್‌ಸಿಯ ಗಂಟೆ ಗೊತ್ತು ಮಾಡಲಿ. ಸೂರ್ಯಮಿತ್ರ ತರಬೇತಿಯಲ್ಲಿ ಹುಡುಗರಿಗೆ ಪ್ಯಾನೆಲ್ ಜೋಡಿಸುವುದು, ವೈರ್ ಎಳೆಯುವುದು ಕಲಿಸುತ್ತೀರಿ. ಅದರಲ್ಲಿ ಎರಡು ದಿನ ಹಗ್ಗಕ್ಕೆ ಕೊಡಿ, ಕಲಿಸಲು ನಿವೃತ್ತ ಖಲಾಸಿಗಳನ್ನು ಕರೆಯಿರಿ, ಚಹಾ ಕೊಟ್ಟರೆ ಬರುತ್ತೇವೆ. ಪ್ರತಿ ತಾಲ್ಲೂಕಿನಲ್ಲಿ ಎರಡು ತೊಟ್ಟಿಲು, ಎರಡು ಸ್ಟ್ಯಾಂಡ್ ಇಟ್ಟು ದಿನದ ಬಾಡಿಗೆಗೆ ಕೊಡಿ. ಸಣ್ಣ ಮಾರಾಟಗಾರ ತಾನೇ ಕೊಳ್ಳಲಾರ, ಕೊಂಡವನ ದರ ಹೆಚ್ಚಾಗಿ ಅವನಿಗೆ ಕೆಲಸ ತಪ್ಪುತ್ತದೆ. ಹತ್ತರ ಗೆರೆಯನ್ನು ನಮ್ಮ ರಾಜ್ಯದ ಮಟ್ಟದಲ್ಲಿ ದಾಟುವ ದಾರಿ ಏನೆಂದು ಕಾರ್ಮಿಕ ಇಲಾಖೆಯ ಕಾನೂನು ಬಲ್ಲವರು ಹೇಳಲಿ. ಅದಾಗುವವರೆಗೆ ಎಸ್ಕಾಂನ ನೋಂದಣಿಯ ಷರತ್ತಿನಲ್ಲೇ, ತಂಡ ಎಷ್ಟೇ ಚಿಕ್ಕದಿರಲಿ ಪ್ರತಿಯೊಬ್ಬನಿಗೂ ಅಪಘಾತ ವಿಮೆ ಇರಬೇಕು ಎಂಬ ಒಂದು ಸಾಲು ಸೇರಿಸಿ.

ಮುಂದಿನ ಗುರುವಾರ ನಮ್ಮ ಮನೆಗೆ ಪ್ಯಾನೆಲ್ ಬರುತ್ತದೆ, ಆರು. ತಂತಿ ನಮ್ಮ ಗೋಡೆಯಿಂದ ಒಂದೂವರೆ ಮೀಟರ್ ದೂರ. ನಿನ್ನೆ ತಾರಸಿಯಿಂದ ಒಣ ಬಿದಿರು ಸಹ ಚಾಚದೆ, ಬೀದಿಯಲ್ಲಿ ಗುರುತು ಹಾಕಿ ಅಳೆದೆ. ಬೆಳಗ್ಗೆ ಏಳರಿಂದ ಎಂಟರವರೆಗೆ, ಗಾಳಿ ಏಳುವ ಮುಂಚೆ, ಲೈನ್ ತೆಗೆದುಕೊಡಿ ಎಂದು ಹತ್ತಿರದ ವಿದ್ಯುತ್ ಕಚೇರಿಗೆ ಹೋಗಿದ್ದೆ. ಅಲ್ಲಿನ ಕಿರಿಯ ಎಂಜಿನಿಯರ್ ತಾಳ್ಮೆಯಿಂದ ಕೇಳಿದರು. ಇದಕ್ಕೆ ನಮೂನೆ ಇಲ್ಲವಲ್ಲ ಎಂದರು. ಬಿಳಿ ಹಾಳೆಯ ಮೇಲೆ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದಿದ್ದೇನೆ. ಆ ಹುಡುಗರೇ ಬರುತ್ತಾರೆ ಎಂದು ಕೇಳಿದೆ. ತೊಟ್ಟಿಲನ್ನು ಬೆಸುಗೆ ಅಂಗಡಿಗೆ ಕೊಟ್ಟಿದ್ದೇನೆ, ಬುಧವಾರ ಕೊಡುತ್ತೇನೆಂದು ಹೇಳಿದ್ದಾನೆ.

ಇಂತಿ,
ಒಬ್ಬ ನಿವೃತ್ತ ಖಲಾಸಿ ಮೇಸ್ತ್ರಿ